ಜಗಲಿಯಲ್ಲಿ ಪೂರ್ತಿ ರೇಂಜ್, ಅಡುಗೆಮನೆಯಲ್ಲಿ ಸೊನ್ನೆ

"ಅವನು ಹೇಳುವುದು ನನಗೆ ಕೇಳುತ್ತದೆ. ನಾನು ಹೇಳಿದ್ದು ಅವನಿಗೆ ಮುಟ್ಟುವುದಿಲ್ಲ" ಎಂದು ದೊಡ್ಡಮ್ಮ ದೂರಿದಾಗ ನಾನು ಮೊದಲು ಸಂಶಯಪಟ್ಟದ್ದು ಅವರ ಫೋನಿನ ಮೈಕನ್ನು. ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವಿನ ಹಳೆಯ ಮನೆ. ಬೆಂಗಳೂರಿನಲ್ಲಿರುವ ಮೊಮ್ಮಗನ ವಿಡಿಯೋ ಕರೆ ಸಂಜೆ ಏಳಕ್ಕೆ ಬರುತ್ತದೆ. ಆ ಹೊತ್ತಿಗೆ ದೊಡ್ಡಮ್ಮ ಇರುವುದು ಅಡುಗೆಮನೆಯಲ್ಲಿ, ರೂಟರ್ ಇರುವುದು ಜಗಲಿಯ ಕಿಟಕಿಯ ಮೇಲೆ. ಅಲ್ಲೇ ಏಕೆ ಎಂದು ಕೇಳಿದರೆ ಉತ್ತರ ಸರಳ: ರಸ್ತೆಯ ಕಂಬದಿಂದ ತೋಟ ದಾಟಿ ಬಂದ ಕೇಬಲ್ ಮೊದಲು ಮುಟ್ಟಿದ ಗೋಡೆ ಅದು, ಕಿಟಕಿಯ ಚೌಕಟ್ಟಿನಲ್ಲಿ ಹಳೆಯ ಟಿವಿ ವಯರಿನ ತೂತೊಂದು ಸಿದ್ಧವಾಗಿಯೇ ಇತ್ತು. ಕಾಸರಗೋಡಿನ ಹಳ್ಳಿಮನೆಗಳಲ್ಲಿ ನಾನು ಕಂಡ ಹೆಚ್ಚಿನ ರೂಟರ್‌ಗಳು ಹೀಗೆಯೇ ಕುಳಿತಿವೆ. ಅವುಗಳ ಜಾಗವನ್ನು ಲೈನಿನವರ ಏಣಿ ತೀರ್ಮಾನಿಸಿದೆ.

ನೆಟ್ ನಿಧಾನ ಎಂದ ಕೂಡಲೇ ದೊಡ್ಡ ಪ್ಲಾನಿಗೆ ಹಣ ಕಟ್ಟುವವರಿದ್ದಾರೆ, ಆರು ಆಂಟೆನಾದ ಹೊಸ ಡಬ್ಬಿ ತರುವವರಿದ್ದಾರೆ. ಎರಡಕ್ಕೂ ಮೊದಲು ಒಂದು ಗಂಟೆ ಮನೆಯೊಳಗೆ ಫೋನ್ ಹಿಡಿದು ನಡೆಯಿರಿ. ಹೇಗೆ ನಡೆಯಬೇಕು, ಏನು ನೋಡಬೇಕು ಎಂಬುದನ್ನು ದೊಡ್ಡಮ್ಮನ ಮನೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಕೇಬಲ್ ಕೆಟ್ಟಿದೆಯೋ, ವೈ-ಫೈ ಸೋತಿದೆಯೋ?

ಡಬ್ಬಿಯ ದೀಪಗಳನ್ನು ನೋಡಿ. ಎಲ್‌ಒಎಸ್ ಎಂಬ ಅಕ್ಷರಗಳ ಪಕ್ಕ ಕೆಂಪು ದೀಪ ಮಿಣುಕುತ್ತಿದ್ದರೆ ಮುಂದಿನದನ್ನು ಓದುವ ಅಗತ್ಯವಿಲ್ಲ. ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ತೆಂಗಿನ ಮಡಲು ಕೇಬಲಿನ ಮೇಲೆ ಬಿದ್ದಿರಬಹುದು, ಕಿಟಕಿಯ ಬಾಗಿಲಿಗೆ ಸಿಕ್ಕಿ ಫೈಬರ್ ಮಡಚಿಕೊಂಡಿರಬಹುದು. ಮಡಚಿದ್ದು ಕಣ್ಣಿಗೆ ಕಂಡರೆ ಬಿಡಿಸಿ ನೋಡಿ, ಇಲ್ಲವಾದರೆ ಕೇಬಲಿನವರಿಗೆ ಫೋನ್ ಮಾಡಿ. ಪಿಒಎನ್ ದೀಪ ಹಸಿರಾಗಿ ನಿಂತೇ ಇದ್ದರೆ ಬೆಳಕು ಮನೆಯವರೆಗೆ ತಲುಪುತ್ತಿದೆ.

ಬಳಿಕ ರೂಟರಿನಿಂದ ಎರಡು ಮೀಟರ್ ದೂರದಲ್ಲಿ, ನಡುವೆ ಏನೂ ಅಡ್ಡವಿಲ್ಲದಂತೆ ನಿಂತು, 5 ಗಿಗಾಹರ್ಟ್ಸ್ ವೈ-ಫೈಗೆ ಸೇರಿಕೊಂಡು ವೇಗ ಪರೀಕ್ಷಿಸಿ (ಹೆಚ್ಚಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಾಂತರಗಳಲ್ಲಿ ವೈ-ಫೈ ಕೊಡುತ್ತವೆ). ಪ್ಲಾನಿನಲ್ಲಿ ಹೇಳಿದ ವೇಗದ ಹತ್ತಿರ ಬಂದರೆ ಲೈನಿನವರನ್ನು ಬಯ್ಯುವುದನ್ನು ಅಲ್ಲಿಗೆ ನಿಲ್ಲಿಸಿ. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ ನೋಡಿದರೆ ಇನ್ನೂ ಖಚಿತ. ಆದರೆ ಹಳೆಯ ಡಬ್ಬಿಗಳಲ್ಲಿ ಲ್ಯಾನ್ ಕಿಂಡಿಯೇ 100 ಎಂಬಿಪಿಎಸ್‌ನದು. 150ರ ಪ್ಲಾನ್ ಇದ್ದರೂ ಅದರಲ್ಲಿ 90ರ ಆಸುಪಾಸಿಗಿಂತ ಹೆಚ್ಚು ಕಾಣುವುದಿಲ್ಲ. ಹಾಗೆಯೇ 2.4 ಗಿಗಾಹರ್ಟ್ಸ್‌ನಲ್ಲಿ ಪರೀಕ್ಷಿಸಿ "ನೂರು ಎಂದು ಹೇಳಿ ಐವತ್ತು ಕೊಡುತ್ತಿದ್ದೀರಿ" ಎಂದು ಜಗಳಕ್ಕೆ ಹೋಗಬೇಡಿ. ಆ ತರಂಗಾಂತರದಲ್ಲಿ ಪಕ್ಕದಲ್ಲೇ ನಿಂತರೂ ಹಲವು ಫೋನುಗಳಿಗೆ ಸಿಗುವುದು ಅಷ್ಟೇ.

ದೊಡ್ಡಮ್ಮನ ಜಗಲಿಯಲ್ಲಿ ಪ್ಲಾನಿನ ವೇಗ ಪೂರ್ತಿ ಬಂತು. ಹಾಗಾದರೆ ದೋಷ ಜಗಲಿಗೂ ಅಡುಗೆಮನೆಗೂ ನಡುವೆ ಎಲ್ಲೋ ಇದೆ.

ಫೋನಿನ ಗೆರೆಗಳನ್ನು ನಂಬಬೇಡಿ, ಅಂಕಿ ನೋಡಿ

ಫೋನಿನ ತುದಿಯಲ್ಲಿ ಕಾಣುವ ವೈ-ಫೈ ಗೆರೆಗಳು ಒಂದೊಂದು ಕಂಪನಿಯಲ್ಲಿ ಒಂದೊಂದು ಲೆಕ್ಕ. ಆಂಡ್ರಾಯ್ಡ್ ಫೋನಿಗೆ ವೈ-ಫೈ ಬಲವನ್ನು ಡಿಬಿಎಂ ಅಂಕಿಯಲ್ಲಿ ತೋರಿಸುವ ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ, ಒಂದನ್ನು ಹಾಕಿಕೊಳ್ಳಿ. ಅಂಕಿ ಯಾವಾಗಲೂ ಮೈನಸ್‌ನಲ್ಲಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ರೂಟರಿನ ಪಕ್ಕದಲ್ಲಿ -40ರ ಆಸುಪಾಸು. -60 ಎಂದರೆ ಚಿಂತೆಯಿಲ್ಲ. ವಿಡಿಯೋ ಕರೆ ಕಡಿಯದೆ ನಡೆಯಬೇಕಾದರೆ -67ಕ್ಕಿಂತ ಕೆಳಗಿಳಿಯಬಾರದು. -75ರಲ್ಲಿ ಸ್ವರ ಒಡೆಯುತ್ತದೆ. -80 ದಾಟಿದರೆ ಫೋನ್ 'ಸಂಪರ್ಕವಿದೆ' ಎನ್ನುತ್ತಲೇ ಇರುತ್ತದೆ, ಕೆಲಸ ಮಾತ್ರ ಏನೂ ನಡೆಯುವುದಿಲ್ಲ. ಈ ಲೆಕ್ಕದಲ್ಲಿ ಮೂರು ಅಂಕಿ ಇಳಿದರೆ ಬಲ ಅರ್ಧಕ್ಕೆ ಇಳಿಯಿತು, ಹತ್ತು ಇಳಿದರೆ ಹತ್ತನೆಯ ಒಂದು ಪಾಲಿಗೆ, ಇಪ್ಪತ್ತು ಇಳಿದರೆ ನೂರನೆಯ ಒಂದು ಪಾಲಿಗೆ. ಹೀಗಾಗಿ -64ಕ್ಕೂ -84ಕ್ಕೂ ಇರುವುದು ಸಣ್ಣ ವ್ಯತ್ಯಾಸವಲ್ಲ.

ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿನಲ್ಲಿ ಮನೆಯ ನಕ್ಷೆ ಗೀಚಿಕೊಂಡೆ. ಪ್ರತಿ ಕೋಣೆಯಲ್ಲಿ, ಜನ ನಿಜವಾಗಿ ಕುಳಿತು ಫೋನ್ ನೋಡುವ ಜಾಗದಲ್ಲೇ ನಿಂತು, ಅಂಕಿ ನೆಲೆಗೆ ಬರಲು ಹತ್ತು ಸೆಕೆಂಡು ಬಿಟ್ಟು ಬರೆದುಕೊಂಡೆ. 2.4 ಗಿಗಾಹರ್ಟ್ಸ್‌ನಲ್ಲಿ ಜಗಲಿ -42, ಚಾವಡಿ -58, ನಡುಕೋಣೆ -71, ಅಡುಗೆಮನೆ -84, ಉಪ್ಪರಿಗೆ -79. ಒಂದು ಎಚ್ಚರಿಕೆ: ರೂಟರಿಗೆ ಬೆನ್ನು ಹಾಕಿ ನಿಂತರೆ ಅಂಕಿ ಇಳಿಯುತ್ತದೆ. ನಮ್ಮ ಮೈಯ ಹೆಚ್ಚಿನ ಪಾಲು ನೀರು, ನೀರು ಈ ಅಲೆಗಳನ್ನು ನುಂಗುತ್ತದೆ. ಎಲ್ಲ ಕೋಣೆಗಳಲ್ಲೂ ಒಂದೇ ರೀತಿ ನಿಲ್ಲಿ.

ಅಡುಗೆಮನೆಯ ಅಂಕಿ ಕಂಡಾಗ ದೊಡ್ಡಮ್ಮನ ದೂರು ಅಕ್ಷರಶಃ ಸತ್ಯ ಎಂದು ತಿಳಿಯಿತು. ವೈ-ಫೈ ಎರಡು ಕಡೆಯ ಮಾತುಕತೆ. ಸಾಮಾನ್ಯವಾಗಿ ರೂಟರಿನ ಸ್ವರ ದೊಡ್ಡದು, ಬ್ಯಾಟರಿ ಉಳಿಸಬೇಕಾದ ಫೋನಿನ ಸ್ವರ ಸಣ್ಣದು. ಅಜ್ಜ ಜಗಲಿಯಿಂದ ಗದರಿದ್ದು ಅಡುಗೆಮನೆಗೆ ಕೇಳಿಸುತ್ತದೆ. ಅಡುಗೆಮನೆಯಲ್ಲಿ ಮಗು ಪಿಸುಗುಟ್ಟಿದ್ದು ಜಗಲಿಗೆ ಕೇಳಿಸುವುದಿಲ್ಲ. 'ನನಗೆ ಕೇಳುತ್ತದೆ, ಅವರಿಗೆ ಕೇಳುವುದಿಲ್ಲ' ಎಂಬ ಲಕ್ಷಣ ಒಂದೇ ಕೋಣೆಯಲ್ಲಿ ಮಾತ್ರ ಕಂಡುಬಂದರೆ ಮೈಕನ್ನು ಬಿಟ್ಟು ಗೋಡೆಯನ್ನು ನೋಡಿ. ರೂಟರಿನ ಶಕ್ತಿ ಹೆಚ್ಚಿಸಿದರೂ ಇದು ಸರಿಯಾಗದು, ಏಕೆಂದರೆ ಸೋಲುತ್ತಿರುವುದು ಫೋನಿನ ಸ್ವರ.

ದೂರವನ್ನು ಅಳೆಯಬೇಡಿ, ಗೋಡೆಗಳನ್ನು ಎಣಿಸಿ

ಜಗಲಿಯಿಂದ ಅಡುಗೆಮನೆಗೆ ಹೆಜ್ಜೆ ಹಾಕಿದರೆ ಹನ್ನೆರಡು ಮೀಟರೂ ಇಲ್ಲ. ತೆರೆದ ಅಂಗಳದಲ್ಲಿ ಅಷ್ಟು ದೂರ ವೈ-ಫೈಗೆ ಲೆಕ್ಕಕ್ಕೇ ಇಲ್ಲ. ಇಲ್ಲಿ ನಡುವೆ ಇರುವುದು ಮುರಕಲ್ಲಿನ ಮೂರು ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ. ಬೇಕಲ ಕೋಟೆ ನಿಂತಿರುವುದೂ ಇದೇ ಕಲ್ಲಿನ ಮೇಲೆ. ಇಕ್ಕೇರಿಯ ಅರಸರ ಕಾಲದಲ್ಲಿ ಹಗೆಗಳನ್ನು ಹೊರಗಿಡಲು ಆರಿಸಿದ ಕಲ್ಲು ನಮ್ಮ ಮೊಮ್ಮಕ್ಕಳ ಕರೆಗಳನ್ನು ಹೊರಗಿಡುವುದರಲ್ಲಿ ಆಶ್ಚರ್ಯವಿಲ್ಲ. ಮುರಕಲ್ಲಿನಲ್ಲಿ ಕಬ್ಬಿಣ ಇರುವುದರಿಂದ ರೇಂಜ್ ತಡೆಯುತ್ತದೆ ಎಂದು ಹೇಳುವವರಿದ್ದಾರೆ. ಕಬ್ಬಿಣ ಇರುವುದು ನಿಜ, ಕಲ್ಲಿಗೆ ಆ ಬಣ್ಣ ಬಂದದ್ದೇ ಅದರಿಂದ. ಆದರೆ ಅದು ತುಕ್ಕಿನ ರೂಪದಲ್ಲಿರುವ ಕಬ್ಬಿಣ, ತಗಡಿನ ಹಾಗೆ ಅಲೆಯನ್ನು ಹಿಂದಕ್ಕೆ ಹೊಡೆಯುವುದಲ್ಲ. ಸತಾಯಿಸುವುದು ಗೋಡೆಯ ದಪ್ಪ, ಅದಕ್ಕಿಂತ ಹೆಚ್ಚಾಗಿ ಕಲ್ಲು ಕುಡಿದುಕೊಂಡ ನೀರು.

ಈ ನೀರಿನ ವಿಷಯ ಬಯಲುಸೀಮೆಯವರಿಗೆ ಅಷ್ಟು ತಟ್ಟದು. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಮುರಕಲ್ಲು ತೂತು ತೂತಾದ ಕಲ್ಲು. ಸಾರಣೆ ಇಲ್ಲದ ಹೊರಗೋಡೆ ಆಟಿ ತಿಂಗಳಲ್ಲಿ ಅಂಗೈ ಇಟ್ಟರೆ ಒದ್ದೆಯಾಗುವಷ್ಟು ನೆನೆದಿರುತ್ತದೆ. ಒಣಗಿದ ಗೋಡೆಗಿಂತ ನೆನೆದ ಗೋಡೆ ಹೆಚ್ಚು ನುಂಗುತ್ತದೆ. "ವಿಷುವಿನ ಹೊತ್ತಿಗೆ ಸರಿ ಇತ್ತು, ಈಗ ಇಲ್ಲ, ಕೇಬಲಿನವರು ಏನೋ ಮಾಡಿದ್ದಾರೆ" ಎಂದು ಮಳೆಗಾಲದಲ್ಲಿ ಬರುವ ದೂರುಗಳ ಒಂದು ಪಾಲು ಗೋಡೆಯದೇ. ಬೇಸಗೆಯಲ್ಲಿ ಅಳೆಯುತ್ತಿದ್ದರೆ ಐದಾರು ಅಂಕಿಯನ್ನು ಮಳೆಗೆಂದು ಎತ್ತಿಟ್ಟುಕೊಳ್ಳಿ.

ಇನ್ನೊಂದು ಸೂಕ್ಷ್ಮ ಓರೆಯದು. ಅಲೆ ಗೋಡೆಯನ್ನು ನೇರವಾಗಿ ದಾಟಿದರೆ ಒಂದೂವರೆ ಅಡಿ ಕಲ್ಲು. 45 ಡಿಗ್ರಿ ಓರೆಯಾಗಿ ದಾಟಿದರೆ ಎರಡು ಅಡಿಗಿಂತ ಹೆಚ್ಚು. 60 ಡಿಗ್ರಿ ಓರೆಯಾದರೆ ಮೂರು ಅಡಿ, ಅಂದರೆ ಒಂದು ಗೋಡೆ ಎರಡು ಗೋಡೆಗೆ ಸಮ. ದೊಡ್ಡಮ್ಮನ ಮನೆಯಲ್ಲಿ ರೂಟರ್ ಜಗಲಿಯ ಪಡುವಣ ಮೂಲೆಯಲ್ಲಿ, ಅಡುಗೆಮನೆ ಹಿಂಬದಿಯ ಮೂಡಣ ಮೂಲೆಯಲ್ಲಿ. ಮೂರೂ ಗೋಡೆಗಳನ್ನು ಅದು ಓರೆಯಾಗಿಯೇ ದಾಟುತ್ತಿತ್ತು. ನಕ್ಷೆಯಲ್ಲಿ ರೂಟರಿನಿಂದ ಅಡುಗೆಮನೆಗೆ ಒಂದು ಗೆರೆ ಎಳೆದಾಗ ಮಾತ್ರ ಇದು ನನ್ನ ಕಣ್ಣಿಗೆ ಬಿತ್ತು.

ಹೊಸ ಮನೆಗಳಲ್ಲಿ ಗೋಡೆ ಎಂಟು-ಒಂಬತ್ತು ಇಂಚು, ಅಷ್ಟು ಕಷ್ಟವಿಲ್ಲ. ಅಲ್ಲಿನ ತೊಡಕು ಮೇಲಿನದು: ಸರಳು ಹಾಕಿದ ಕಾಂಕ್ರೀಟ್ ಚಾವಣಿ. ಹಂಚಿನ ಮಾಡು, ಮರದ ಅಟ್ಟ ಇರುವ ಮನೆಯಲ್ಲಿ ಉಪ್ಪರಿಗೆಗೆ ರೇಂಜ್ ಹತ್ತುವುದು ಸುಲಭ.

ರೂಟರಿನ ನೆರೆಕರೆಯವರು

ಗೋಡೆಗೆ ಹೋಗುವ ಮೊದಲೇ ಅಲೆಯನ್ನು ತಿನ್ನುವವರು ಡಬ್ಬಿಯ ಮಗ್ಗುಲಲ್ಲೇ ಇರುತ್ತಾರೆ. ಫ್ರಿಜ್ಜಿನ ನೆತ್ತಿ, ಟಿವಿಯ ಬೆನ್ನು, ಉಕ್ಕಿನ ಕಪಾಟಿನ ಸಂದು, ನಿಲುವುಗನ್ನಡಿಯ ಹಿಂಬದಿ: ಎಲ್ಲವೂ ಲೋಹ, ಕನ್ನಡಿಯ ಬೆನ್ನಿನ ಲೇಪವೂ ಲೋಹವೇ. ಇನ್ವರ್ಟರಿನ ಬ್ಯಾಟರಿ, ನೀರಿನ ಟ್ಯಾಂಕು, ಮೀನಿನ ತೊಟ್ಟಿ ಕೂಡ ಒಳ್ಳೆಯ ನೆರೆಯವಲ್ಲ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ. ಅನ್ನ ಬಿಸಿ ಮಾಡುವಾಗ ಮಾತ್ರ ಕರೆ ಕಡಿಯುತ್ತದೆ ಎಂದಾದರೆ ಕಳ್ಳ ಸಿಕ್ಕಿದ. ಚೆಂದ ಕಾಣುವುದಿಲ್ಲವೆಂದು ರೂಟರನ್ನು ಕಪಾಟಿನೊಳಗೆ ಮುಚ್ಚಿಡುವವರಿಗೆ ನಾನು ಹೇಳುವುದು ಒಂದೇ: ದೀಪವನ್ನೂ ಹಾಗೆಯೇ ಮುಚ್ಚಿಡುತ್ತೀರಾ?

ಊರಿನ ಮನೆಯಲ್ಲಿ ವೈ-ಫೈ ಚಾನೆಲ್, ಅಂದರೆ ತರಂಗಾಂತರದೊಳಗಿನ ಓಣಿ, ಬದಲಿಸಿ ಪ್ರಯೋಜನವಿಲ್ಲ. ನೆರೆಮನೆಯ ವೈ-ಫೈ ತೋಟ ದಾಟಿ ಬರುವುದೇ ಇಲ್ಲ. ಕಾಸರಗೋಡು ಪೇಟೆಯ ಅಥವಾ ಕುಂಬಳೆಯ ಫ್ಲ್ಯಾಟಿನವರಾದರೆ 2.4ರಲ್ಲಿ 1, 6, 11 ಈ ಮೂರರಲ್ಲಿ ಕಡಿಮೆ ಗದ್ದಲದ್ದನ್ನು ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ, ಸಾಕು.

ಕೀಳುವ ಮೊದಲು ಇನ್ನೊಂದು ಫೋನಿನಿಂದ ಪರೀಕ್ಷೆ

ರೂಟರನ್ನು ಮನಸ್ಸಿಗೆ ಬಂದಲ್ಲಿ ಇಟ್ಟು ನೋಡೋಣವೆಂದರೆ ಫೈಬರ್ ಎಳೆದಷ್ಟು ಬರುವುದಿಲ್ಲ. ನಾನು ಮಾಡುವ ಉಪಾಯ ಇದು. ಇನ್ನೊಂದು ಫೋನಿನಲ್ಲಿ 2.4 ಗಿಗಾಹರ್ಟ್ಸ್‌ನ ಹಾಟ್‌ಸ್ಪಾಟ್ ತೆರೆದು, ರೂಟರ್ ಇಡಬಹುದಾದ ಜಾಗದಲ್ಲಿ ಅದನ್ನು ಇಡಿ. ನಂತರ ಮೊದಲಿನ ಫೋನ್ ಹಿಡಿದು ಅದೇ ಕೋಣೆಗಳಲ್ಲಿ ಅಂಕಿ ಬರೆಯಿರಿ. ಫೋನಿನ ಬಲ ರೂಟರಿನಷ್ಟಿಲ್ಲ, ಆದ್ದರಿಂದ ಅಂಕಿಗಳನ್ನು ರೂಟರಿನ ಹಳೆಯ ಅಂಕಿಗಳ ಜೊತೆ ಹೋಲಿಸಬೇಡಿ. ಹಾಟ್‌ಸ್ಪಾಟ್ ಫೋನನ್ನು ಈಗಿನ ಜಾಗದಲ್ಲೂ ಒಮ್ಮೆ ಇಟ್ಟು ಅಳೆಯಿರಿ. ಜಾಗ ಮತ್ತು ಜಾಗದ ನಡುವಿನ ವ್ಯತ್ಯಾಸ ಮಾತ್ರ ನಮಗೆ ಬೇಕಾದದ್ದು.

ನಕ್ಷೆಯ ಪ್ರಕಾರ ಮನೆಯ ನಟ್ಟನಡುವೆ ಇರುವುದು ದೇವರ ಕೋಣೆ. "ದೇವರ ನೆತ್ತಿಯ ಮೇಲೆ ಆ ಡಬ್ಬಿ ಬೇಡ ಮಾರಾಯ" ಎಂದರು ದೊಡ್ಡಮ್ಮ. ನನಗೂ ಆ ಕೋಣೆ ಹಿಡಿಸಿರಲಿಲ್ಲ. ಕಿಟಕಿಯಿಲ್ಲದ, ಸುತ್ತ ದಪ್ಪ ಗೋಡೆಯ ಗೂಡು ಅದು. ಹಳೆಯ ಮನೆಯಲ್ಲಿ ನಡುಬಿಂದುವಿಗಿಂತ ಬಾಗಿಲುಗಳ ಸಾಲು ಮುಖ್ಯ. ಕಲ್ಲನ್ನು ತೂರಲಾಗದ ಅಲೆ ಬಾಗಿಲಿನಲ್ಲಿ ನುಸುಳುತ್ತದೆ, ಮರದ ಬಾಗಿಲು ಮುಚ್ಚಿದ್ದರೂ ಹೆಚ್ಚು ತಡೆಯುವುದಿಲ್ಲ. ಚಾವಡಿಯಿಂದ ನಡುಕೋಣೆಗೆ ಹೋಗುವ ಬಾಗಿಲೂ ಅಲ್ಲಿಂದ ಅಡುಗೆಮನೆಗೆ ಹೋಗುವ ಬಾಗಿಲೂ ಹೆಚ್ಚುಕಡಿಮೆ ಒಂದೇ ನೇರದಲ್ಲಿದ್ದವು. ಹಾಟ್‌ಸ್ಪಾಟ್ ಫೋನನ್ನು ಮೂರು ಕಡೆ ಇಟ್ಟು ನೋಡಿದೆ: ಚಾವಡಿಯ ಟಿವಿ ಮೇಜು, ಉಪ್ಪರಿಗೆಯ ಮೆಟ್ಟಿಲಿನ ಬುಡ, ಚಾವಡಿಯಲ್ಲಿ ಆ ಬಾಗಿಲಿನ ಎದುರು ಗೋಡೆಯಲ್ಲಿ ಆರಡಿ ಎತ್ತರದ ಹಲಗೆ. ಮೆಟ್ಟಿಲಿನ ಬುಡದಿಂದ ಉಪ್ಪರಿಗೆಗೆ ಅದ್ಭುತವಾಗಿ ಬಂತು, ಅಡುಗೆಮನೆಗೆ ಇಲ್ಲ. ಹಲಗೆಯಿಂದ ಯಾವ ಕೋಣೆಗೂ ಅದ್ಭುತವಲ್ಲ, ಆದರೆ ಯಾವ ಕೋಣೆಯೂ ಉಪವಾಸವಿಲ್ಲ. ಆರಿಸಬೇಕಾದದ್ದು ಅದನ್ನೇ. ಅತ್ಯಂತ ಕೆಟ್ಟ ಕೋಣೆಯ ಅಂಕಿ ಎಲ್ಲಿಂದ ಮೇಲಾಗುತ್ತದೋ ಅದು ಸರಿಯಾದ ಜಾಗ.

ರೂಟರನ್ನು ಅಲ್ಲಿಗೆ ಸಾಗಿಸಿದ ಮೇಲೆ ಅಡುಗೆಮನೆ -66, ಉಪ್ಪರಿಗೆ -68, ಜಗಲಿ -57. ಜಗಲಿ ಹದಿನೈದು ಅಂಕಿ ಕಳೆದುಕೊಂಡಿತು, ಅಲ್ಲಿ ಕುಳಿತವರಿಗೆ ಗೊತ್ತೇ ಆಗಲಿಲ್ಲ. ಅಡುಗೆಮನೆ ಹದಿನೆಂಟು ಅಂಕಿ ಗಳಿಸಿತು, ಅಂದರೆ ಬಲ ಅರವತ್ತು ಪಟ್ಟು ಹೆಚ್ಚಿತು. ಪ್ಲಾನ್ ಹಳೆಯದೇ, ಡಬ್ಬಿಯೂ ಹಳೆಯದೇ.

ಸಾಗಿಸುವಾಗ

ಫೈಬರನ್ನು ಮುಂದುವರಿಸಲು ತುದಿಯಲ್ಲಿ ಹಸಿರು ಕನೆಕ್ಟರ್ ಇರುವ ಉದ್ದನೆಯ ಪ್ಯಾಚ್ ಕಾರ್ಡ್ ಸಿಗುತ್ತದೆ. ಅದನ್ನು ಕೇಬಲಿನವರ ಕೈಯಿಂದಲೇ ಹಾಕಿಸುವುದು ಒಳ್ಳೆಯದು. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಒಂದು ಕಣ ಧೂಳಾದರೂ ಬೆಳಕು ಕುಂದುತ್ತದೆ. ತುದಿಯೊಳಗೆ ಇಣುಕಲೂ ಬೇಡಿ. ಅಲ್ಲಿಂದ ಬರುವ ಲೇಸರ್ ಕಣ್ಣಿಗೆ ಕಾಣುವಂಥದಲ್ಲ. ಮೂಲೆಯಲ್ಲಿ ತಿರುಗಿಸುವಾಗ ಕಾಫಿ ಲೋಟದ ಬಾಯಿಗಿಂತ ಸಣ್ಣ ಸುತ್ತು ಬೇಡ. ಮೊಳೆ ಹೊಡೆದು ಬಿಗಿಯುವುದಂತೂ ಬೇಡವೇ ಬೇಡ. ಸಾಗಿಸಿದ ಮೇಲೆ ಬ್ರೌಸರಿನಲ್ಲಿ ತೆರೆಯುವ ರೂಟರಿನ ಸೆಟ್ಟಿಂಗ್ ಪುಟದಲ್ಲಿ ಬೆಳಕಿನ ಬಲದ ಅಂಕಿ ನೋಡಿ: ಅದೂ ಮೈನಸ್ ಡಿಬಿಎಂನಲ್ಲೇ ಇರುತ್ತದೆ. -20ರ ಸುತ್ತ ಇದ್ದರೆ ನೆಮ್ಮದಿ. -25 ದಾಟಿದ್ದರೆ ಜೋಡಣೆಯಲ್ಲಿ ಏನೋ ಐಬು ಇದೆ, ಅವರನ್ನು ಮತ್ತೆ ಕರೆಯಿರಿ.

ಆಂಟೆನಾ ಹೇಗಿಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಉದ್ದಿನ ವಡೆಯ ತೂತಿಗೆ ಕಡ್ಡಿ ಚುಚ್ಚಿ ನಿಲ್ಲಿಸಿದ್ದೀರಿ ಎಂದುಕೊಳ್ಳಿ. ಕಡ್ಡಿಯೇ ಆಂಟೆನಾ, ವಡೆಯೇ ಅಲೆ ಹರಡುವ ಆಕಾರ. ಕಡ್ಡಿ ನೆಟ್ಟಗೆ ನಿಂತರೆ ವಡೆ ಅಡ್ಡಲಾಗಿ ಹರಡಿ ಅದೇ ಅಂತಸ್ತಿನ ಕೋಣೆಗಳಿಗೆ ಮುಟ್ಟುತ್ತದೆ, ಕಡ್ಡಿಯ ತುದಿಯ ದಿಕ್ಕಿಗೆ ಹೆಚ್ಚೇನೂ ಹೋಗುವುದಿಲ್ಲ. ಅಡುಗೆಮನೆಯ ಕಡೆಗೆ ಆಂಟೆನಾವನ್ನು ಬೆರಳು ತೋರಿಸಿದ ಹಾಗೆ ಬಗ್ಗಿಸಿಡುವುದು ಪಕ್ಕಾ ತಪ್ಪು. ಎರಡು ಆಂಟೆನಾ ಇದ್ದರೆ ಒಂದನ್ನು ನೆಟ್ಟಗೆ ನಿಲ್ಲಿಸಿ, ಉಪ್ಪರಿಗೆಗೂ ರೇಂಜ್ ಬೇಕಾದರೆ ಇನ್ನೊಂದನ್ನು ಮಲಗಿಸಿ.

ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ದಾಟುವುದಿಲ್ಲವೆಂದೇ ತಿಳಿಯಿರಿ; ಅದು ರೂಟರ್ ಇರುವ ಕೋಣೆಯ ಸೊತ್ತು. 2.4, 5 ಎರಡಕ್ಕೂ ಒಂದೇ ಹೆಸರಿದ್ದು ಫೋನ್ ಸೋತ 5ಕ್ಕೇ ಅಂಟಿಕೊಂಡು ಕುಳಿತರೆ ಹೆಸರುಗಳನ್ನು ಬೇರೆ ಮಾಡಿ, ಅಡುಗೆಮನೆಯ ಫೋನಿಗೆ 2.4ರ ಹೆಸರನ್ನು ಮಾತ್ರ ಕೊಡಿ.

ಜಾಗ ಬದಲಿಸಿದರೂ ಸಾಲದಿದ್ದರೆ

ಪೇಟೆಯಲ್ಲಿ 'ಬೂಸ್ಟರ್' ಎಂದು ಮಾರುವ ಸಾಧನವನ್ನು ಜನ ತಂದು ರೇಂಜ್ ಇಲ್ಲದ ಕೋಣೆಯಲ್ಲೇ ಚುಚ್ಚುತ್ತಾರೆ. ಅದಕ್ಕೇ ಕೇಳಿಸದ್ದನ್ನು ಅದು ಯಾರಿಗೆ ಹೇಳೀತು? -60ರಿಂದ -65 ಇರುವ ನಡುವಿನ ಜಾಗದಲ್ಲಿ ಇಡಬೇಕು. ಸರಿಯಾಗಿ ಇಟ್ಟರೂ ಕೇಳಿದ್ದನ್ನು ಅದೇ ತರಂಗಾಂತರದಲ್ಲಿ ಮತ್ತೆ ಹೇಳುವ ಅಗ್ಗದ ಬೂಸ್ಟರ್ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ನನ್ನ ಮತ ಲ್ಯಾನ್ ಕೇಬಲಿಗೆ. ಅದು ನೂರು ಮೀಟರ್ ವರೆಗೆ ಸಲೀಸಾಗಿ ಹೋಗುತ್ತದೆ. ಸೂರಿನ ಅಡಿಯಲ್ಲಿ, ಪಕ್ಕಾಸಿನ ಮಗ್ಗುಲಲ್ಲಿ ಎಳೆದು, ಆ ತುದಿಗೆ ಮನೆಯಲ್ಲಿ ಮೂಲೆಗುಂಪಾಗಿರುವ ಹಳೆಯ ರೂಟರನ್ನೇ ಹಾಕಿ. ಫೋನುಗಳಿಗೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ಆಫ್ ಮಾಡಿ, ವಿಳಾಸವನ್ನು 192.168.1.1 ಇದ್ದರೆ 192.168.1.2 ಮಾಡಿ, ಕೇಬಲನ್ನು ವ್ಯಾನ್ (WAN) ಕಿಂಡಿಗಲ್ಲ, ಲ್ಯಾನ್ (LAN) ಕಿಂಡಿಗೆ ಚುಚ್ಚಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡು ಡಬ್ಬಿಗಳೂ ವಿಳಾಸ ಹಂಚತೊಡಗಿ ಇಡೀ ಮನೆಯ ನೆಟ್ ಹುಚ್ಚುಹಿಡಿದಂತೆ ಆಡುತ್ತದೆ. ಈ ತಪ್ಪನ್ನು ನಾನೇ ಮಾಡಿ ಒಂದು ಭಾನುವಾರ ಕಳೆದಿದ್ದೇನೆ.

ಹಟ್ಟಿಗೋ ಅಡಿಕೆ ಕೊಟ್ಟಿಗೆಗೋ ಅಂಗಳದ ಮೇಲಿಂದ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ತುಲಾ ಮಾಸದ ಮಧ್ಯಾಹ್ನದ ಗುಡುಗು-ಮಿಂಚು ಏನು ಮಾಡುತ್ತದೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಫೈಬರಿನ ಗಾಜಿನಲ್ಲಿ ವಿದ್ಯುತ್ ಹರಿಯದು ನಿಜ, ಆದರೆ ಅದರ ಜೊತೆಗಿರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ, ಕರೆಂಟಿನ ಪ್ಲಗ್ಗಿನಿಂದಲೂ ಬರುತ್ತದೆ. ಮೋಡ ಕಪ್ಪಾದಾಗ ಅಡಾಪ್ಟರನ್ನು ಕಿತ್ತಿಡಿ.

ಇದೆಲ್ಲ ನಡೆದದ್ದು ಮೇ ತಿಂಗಳಲ್ಲಿ. ಆಟಿಯಲ್ಲಿ ಹೋದಾಗ ಅಡುಗೆಮನೆಯ ಅಂಕಿ -71ಕ್ಕೆ ಇಳಿದಿತ್ತು, ಸಂಜೆಯ ಕರೆ ಒಮ್ಮೊಮ್ಮೆ ಅಂಟಿಕೊಳ್ಳುತ್ತಿತ್ತು. 2.4 ಗಿಗಾಹರ್ಟ್ಸ್‌ನ ಅಲೆ ಹನ್ನೆರಡೂವರೆ ಸೆಂಟಿಮೀಟರ್ ಉದ್ದ. ಗೋಡೆಗೆ ತಾಗಿ ಹಿಂದೆ ಬಂದ ಅಲೆ ನೇರ ಬಂದ ಅಲೆಯನ್ನು ಒಂದು ಜಾಗದಲ್ಲಿ ಕೂಡಿಕೊಳ್ಳುತ್ತದೆ, ನಾಲ್ಕು ಬೆರಳು ಆಚೆ ಕಳೆದುಬಿಡುತ್ತದೆ. ದೊಡ್ಡಮ್ಮ ಒಲೆಯ ಬಳಿ ಫೋನ್ ಹಿಡಿದು ನಿಂತರು, ನಾನು ಹಲಗೆಯ ಮೇಲೆ ರೂಟರನ್ನು ಬೆರಳಷ್ಟು ಬೆರಳಷ್ಟೇ ಸರಿಸಿದೆ. "ಎಪ್ಪತ್ತು... ಎಪ್ಪತ್ತಮೂರು... ಅರವತ್ತೊಂಬತ್ತು" ಎಂದು ಅವರು ಒಳಗಿನಿಂದ ಕೂಗುತ್ತಿದ್ದರು. ಬಾಗಿಲಿನ ಕಡೆಗೆ ಒಂದು ಗೇಣು ಸರಿದಾಗ ಅರವತ್ತೇಳು ಎಂದರು, ಡಬ್ಬಿಯ ಸುತ್ತ ಪೆನ್ಸಿಲಿನಿಂದ ಗೀಟು ಹಾಕಿ ಬಂದೆ.